ಬಾಹ್ಯ ಯುಎಸ್‌ಬಿ ಹಾರ್ಡ್ ಡಿಸ್ಕಿನಲ್ಲಿ ಕಾರ್ಯಾಚರಣ ವ್ಯವಸ್ಥೆಯ ಸ್ಥಾಪನೆ: ತತ್ತ್ವ, ವಿಧಾನ ಮತ್ತು ಎಚ್ಚರಗಳು

1. ಪೀಠಿಕೆ

ಗಣಕಯಂತ್ರವು ಸಂಶೋಧಕರ ಬರವಣಿಗೆಯ ಮೇಜಿಗೂ ಗ್ರಂಥಾಲಯದ ಸೂಚೀಪೆಟ್ಟಿಗೆಯ ಸ್ಥಾನಕ್ಕೂ ಬಂದು ದಶಕಗಳೇ ಕಳೆದಿವೆ. ಶಾಸನಗಳ ಪಾಠ, ಹಸ್ತಪ್ರತಿಗಳ ಛಾಯಾಪ್ರತಿ, ಕ್ಷೇತ್ರಕಾರ್ಯದ ಧ್ವನಿಮುದ್ರಣ, ಗ್ರಂಥಸೂಚಿ ಮುಂತಾದವೆಲ್ಲ ಕಡತಗಳ ರೂಪ ತಾಳಿವೆ. ಕಡತಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ಕಷ್ಟವಲ್ಲ. ಆದರೆ ಅವುಗಳನ್ನು ತೆರೆಯುವ ತಂತ್ರಾಂಶ, ಅವುಗಳಲ್ಲಿನ ಕನ್ನಡವನ್ನು ಸರಿಯಾಗಿ ತೋರಿಸುವ ಫಾಂಟ್, ಕೈಗೆ ರೂಢಿಯಾದ ಕೀಲಿಮಣೆ ವಿನ್ಯಾಸ, ವರ್ಷಗಟ್ಟಲೆ ಕೂಡಿಸಿಕೊಂಡ ಶಬ್ದಸೂಚಿಗಳು ಮಾತ್ರ ಒಂದು ನಿರ್ದಿಷ್ಟ ಯಂತ್ರಕ್ಕೆ ಅಂಟಿಕೊಂಡಿರುತ್ತವೆ. ಯಂತ್ರ ಬದಲಾದರೆ ಕಡತಗಳು ಉಳಿದೂ ಓದಲು ಬಾರದ ಸ್ಥಿತಿ ಉಂಟಾಗಬಹುದು.

ಈ ತೊಡಕಿಗೆ ಇರುವ ಪರಿಹಾರಗಳಲ್ಲಿ ಒಂದು, ಕಾರ್ಯಾಚರಣ ವ್ಯವಸ್ಥೆಯನ್ನೇ ಬಾಹ್ಯ ಯುಎಸ್‌ಬಿ ಹಾರ್ಡ್ ಡಿಸ್ಕಿನಲ್ಲಿ ಸ್ಥಾಪಿಸಿಕೊಳ್ಳುವುದು. ಆಗ ಯಂತ್ರವು ಕೇವಲ ಆತಿಥೇಯನಾಗುತ್ತದೆ. ಅದರ ಸಂಸ್ಕಾರಕ, ಸ್ಮೃತಿ, ಪರದೆ ಮತ್ತು ಕೀಲಿಮಣೆಗಳನ್ನು ಎರವಲು ಪಡೆದು, ಅತಿಥಿಯಾಗಿ ಬಂದ ಡಿಸ್ಕು ತನ್ನದೇ ವ್ಯವಸ್ಥೆಯನ್ನು ನಡೆಸುತ್ತದೆ. ತತ್ತ್ವ ಸರಳವಾಗಿದ್ದರೂ ಆಚರಣೆಯಲ್ಲಿ ಎರಡು ಬಗೆಯ ವೈಫಲ್ಯಗಳು ಕಂಡುಬರುತ್ತವೆ. ಸ್ಥಾಪಿಸಿದ ಡಿಸ್ಕು ಬೇರೆ ಯಂತ್ರದಲ್ಲಿ ಎಚ್ಚರಗೊಳ್ಳದಿರುವುದು ಒಂದು. ಡಿಸ್ಕನ್ನು ತೆಗೆದ ಮೇಲೆ ಆತಿಥೇಯ ಯಂತ್ರವೇ ಎಚ್ಚರಗೊಳ್ಳದಿರುವುದು ಇನ್ನೊಂದು. ಎರಡಕ್ಕೂ ಮೂಲ ಒಂದೇ. ವ್ಯವಸ್ಥೆಯ ಕಡತಗಳು ಎಲ್ಲಿವೆ ಎಂಬುದಕ್ಕಿಂತ, ಆ ವ್ಯವಸ್ಥೆಯನ್ನು ಎಚ್ಚರಿಸುವ ಆರಂಭಕ ತಂತ್ರಾಂಶ ಎಲ್ಲಿದೆ ಎಂಬುದೇ ಇಲ್ಲಿ ನಿರ್ಣಾಯಕ. ಈ ಅಂಶವನ್ನು ಕೇಂದ್ರವಾಗಿಟ್ಟುಕೊಂಡು, ಡೆಬಿಯನ್ ಲಿನಕ್ಸ್ ವಿತರಣೆಯನ್ನು ಮುಖ್ಯ ನಿದರ್ಶನವಾಗಿ ಆರಿಸಿ, ಸ್ಥಾಪನೆಯ ತತ್ತ್ವ ಮತ್ತು ವಿಧಾನಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

2. ಹಿನ್ನೆಲೆ

ಯುಎಸ್‌ಬಿ ಸಂಪರ್ಕ ವ್ಯವಸ್ಥೆಯ ಮೊದಲ ಆವೃತ್ತಿ 1996ರಲ್ಲಿ ಪ್ರಕಟವಾಯಿತು. ಅದರ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. ಕೀಲಿಮಣೆ, ಮೌಸ್‌ಗಳಿಗೆ ಇದು ಸಾಕಾಗಿತ್ತೇ ಹೊರತು ಕಾರ್ಯಾಚರಣ ವ್ಯವಸ್ಥೆಯೊಂದನ್ನು ಹೊತ್ತು ನಡೆಸಲು ಸಾಲದು. 2000ದಲ್ಲಿ ಬಂದ 2.0 ಆವೃತ್ತಿಯು ವೇಗವನ್ನು 480 ಮೆಗಾಬಿಟ್‌ಗೆ ಏರಿಸಿತು. 2008ರ 3.0 ಆವೃತ್ತಿಯು ಅದನ್ನು 5 ಗಿಗಾಬಿಟ್‌ಗೆ ಒಯ್ದಿತು. ಎರಡನೆಯ ಆವೃತ್ತಿಯಿಂದ ಬಾಹ್ಯ ಡಿಸ್ಕಿನಲ್ಲಿ ವ್ಯವಸ್ಥೆ ನಡೆಸುವುದು ಸಾಧ್ಯವಾಯಿತು, ಮೂರನೆಯದರಿಂದ ಅನುಕೂಲಕರವಾಯಿತು ಎಂದು ಸ್ಥೂಲವಾಗಿ ಹೇಳಬಹುದು.

ಒಯ್ಯಬಹುದಾದ ವ್ಯವಸ್ಥೆಯ ಕಲ್ಪನೆಯನ್ನು ಜನಪ್ರಿಯಗೊಳಿಸಿದವುಗಳಲ್ಲಿ ಜರ್ಮನಿಯ ಕ್ಲಾಸ್ ನಾಪರ್ ಅವರು 2000ದಲ್ಲಿ ಹೊರತಂದ ನಾಪಿಕ್ಸ್ ಪ್ರಮುಖವಾದುದು. ಅದು ಸಿಡಿಯಿಂದಲೇ ನಡೆಯುವ ಲಿನಕ್ಸ್ ವ್ಯವಸ್ಥೆ. ಇಂತಹವನ್ನು ಲೈವ್ ವ್ಯವಸ್ಥೆಗಳೆನ್ನುವರು. ಆದರೆ ಲೈವ್ ವ್ಯವಸ್ಥೆಗೂ ಪೂರ್ಣ ಸ್ಥಾಪನೆಗೂ ಮೂಲಭೂತ ವ್ಯತ್ಯಾಸವಿದೆ. ಲೈವ್ ವ್ಯವಸ್ಥೆಯಲ್ಲಿ ಮೂಲ ಕಡತಗಳು ಓದಲು ಮಾತ್ರ ಬರುವ ಸಂಕುಚಿತ ರೂಪದಲ್ಲಿರುತ್ತವೆ. ವಿಶೇಷ ಏರ್ಪಾಡಿಲ್ಲದಿದ್ದರೆ ಬಳಕೆದಾರರು ಮಾಡಿದ ಬದಲಾವಣೆಗಳು ಯಂತ್ರವನ್ನು ಆರಿಸಿದೊಡನೆ ಅಳಿದುಹೋಗುತ್ತವೆ. ಪೂರ್ಣ ಸ್ಥಾಪನೆಯಲ್ಲಿ ಬಾಹ್ಯ ಡಿಸ್ಕು ಒಳಗಿನ ಡಿಸ್ಕಿನಂತೆಯೇ ವರ್ತಿಸುತ್ತದೆ. ಹೊಸ ತಂತ್ರಾಂಶ ಸೇರಿಸಬಹುದು, ಭದ್ರತಾ ಪರಿಷ್ಕರಣೆಗಳನ್ನು ಪಡೆಯಬಹುದು, ಮಾಡಿದ ಕೆಲಸ ಉಳಿಯುತ್ತದೆ. ಈ ಲೇಖನದ ವಿಷಯ ಎರಡನೆಯ ಬಗೆಯದು.

3. ಯಂತ್ರ ಎಚ್ಚರಗೊಳ್ಳುವ ಕ್ರಮ

ವಿದ್ಯುತ್ ಹರಿದೊಡನೆ ಯಂತ್ರಕ್ಕೆ ಡಿಸ್ಕುಗಳ ಅರಿವಿರುವುದಿಲ್ಲ. ಮುಖ್ಯ ಫಲಕದ ಮೇಲಿನ ಚಿಪ್ಪಿನಲ್ಲಿ ಅಡಗಿರುವ ಫರ್ಮ್‌ವೇರ್ ಎಂಬ ಮೂಲ ತಂತ್ರಾಂಶ ಮೊದಲು ಚಾಲನೆಗೊಂಡು, ಕಾರ್ಯಾಚರಣ ವ್ಯವಸ್ಥೆಯನ್ನು ಹುಡುಕಲು ತೊಡಗುತ್ತದೆ. ಈ ಹುಡುಕಾಟದ ರೀತಿ ಎರಡು ಬಗೆಯದು.

ಮೊದಲನೆಯದು 1981ರ ಐಬಿಎಂ ಪಿಸಿಯೊಂದಿಗೆ ಬಂದ ಬಯಾಸ್ ಪರಂಪರೆ. ಬಯಾಸ್, ಆಯ್ದ ಡಿಸ್ಕಿನ ಮೊಟ್ಟಮೊದಲ ಖಂಡವನ್ನು ಓದುತ್ತದೆ. ಮಾಸ್ಟರ್ ಬೂಟ್ ರೆಕಾರ್ಡ್ ಎಂದು ಕರೆಯಲಾಗುವ ಈ ಖಂಡದ ಗಾತ್ರ 512 ಬೈಟ್‌ಗಳು. ಅದರಲ್ಲಿ 446 ಬೈಟ್‌ಗಳು ಆರಂಭಕ ಆದೇಶಗಳಿಗೆ, 64 ಬೈಟ್‌ಗಳು ನಾಲ್ಕು ವಿಭಾಗಗಳ ವಿವರಕ್ಕೆ, ಉಳಿದ 2 ಬೈಟ್‌ಗಳು ಗುರುತಿನ ಮುದ್ರೆಗೆ ಮೀಸಲು. ಇಷ್ಟು ಕಿರಿದಾದ ಸ್ಥಳದಲ್ಲಿ ಪೂರ್ಣ ಆರಂಭಕ ತಂತ್ರಾಂಶ ಹಿಡಿಯುವುದಿಲ್ಲವಾದ್ದರಿಂದ, ಅಲ್ಲಿನ ಆದೇಶಗಳು ಡಿಸ್ಕಿನ ಬೇರೆಡೆಯಿರುವ ಮುಂದಿನ ಹಂತವನ್ನು ಕರೆಯುತ್ತವೆ. ಒಂದು ಡಿಸ್ಕಿಗೆ ಇಂತಹ ಖಂಡ ಒಂದೇ ಇರುತ್ತದೆ. ಹೊಸ ಆರಂಭಕವನ್ನು ಬರೆದರೆ ಹಳೆಯದು ಅಳಿಯುತ್ತದೆ.

ಎರಡನೆಯದು ಯುಇಎಫ್ಐ ಪರಂಪರೆ. ಇಂಟೆಲ್ ಸಂಸ್ಥೆ ಆರಂಭಿಸಿದ ಇಎಫ್ಐ ವಿನ್ಯಾಸವನ್ನು 2005ರಲ್ಲಿ ರೂಪುಗೊಂಡ ಯುಇಎಫ್ಐ ಫೋರಂ ಮುಂದುವರಿಸಿತು. ಇದರಲ್ಲಿ ಆರಂಭಕ ತಂತ್ರಾಂಶವು ಅಡಗಿದ ಖಂಡವಾಗಿರದೆ ಸಾಮಾನ್ಯ ಕಡತವಾಗಿರುತ್ತದೆ. ಇಎಫ್ಐ ಸಿಸ್ಟಂ ವಿಭಾಗವೆಂಬ, ಫ್ಯಾಟ್ ಮಾದರಿಯ ಚಿಕ್ಕ ವಿಭಾಗದಲ್ಲಿ ಅದನ್ನು ಇರಿಸಲಾಗುತ್ತದೆ. ಯಾವ ಡಿಸ್ಕಿನ ಯಾವ ಕಡತವನ್ನು ಕರೆಯಬೇಕೆಂಬ ಪಟ್ಟಿ ಯಂತ್ರದ ಸ್ವಂತ ಸ್ಥಿರಸ್ಮೃತಿಯಲ್ಲಿರುತ್ತದೆ. ಇಲ್ಲಿಯೇ ಬಾಹ್ಯ ಡಿಸ್ಕಿನ ಸಮಸ್ಯೆ ತಲೆದೋರುತ್ತದೆ. ಸ್ಥಾಪನೆ ನಡೆದ ಯಂತ್ರದ ಸ್ಮೃತಿಯಲ್ಲಿ ಆ ಡಿಸ್ಕಿನ ಹೆಸರು ದಾಖಲಾಗಿರುತ್ತದೆ. ಪರಯಂತ್ರಕ್ಕೆ ಅದರ ಪರಿಚಯವಿರುವುದಿಲ್ಲ. ಇಂತಹ ಅಪರಿಚಿತ ಡಿಸ್ಕುಗಳಿಗಾಗಿ ಯುಇಎಫ್ಐ ನಿಯಮಾವಳಿಯು ಒಂದು ಸಾಮಾನ್ಯ ವಿಳಾಸವನ್ನು ನಿಗದಿಪಡಿಸಿದೆ. ಇಎಫ್ಐ ಎಂಬ ಕಡತಕೋಶದೊಳಗೆ ಬೂಟ್ ಎಂಬ ಕೋಶ, ಅದರೊಳಗೆ 64 ಬಿಟ್‌ನ ಇಂಟೆಲ್, ಎಎಂಡಿ ಯಂತ್ರಗಳಿಗಾಗಿ ಬೂಟ್‌ಎಕ್ಸ್64.ಇಎಫ್ಐ ಎಂಬ ಕಡತ. ಈ ವಿಳಾಸದಲ್ಲಿ ಆರಂಭಕವಿದ್ದರೆ ಯಂತ್ರಕ್ಕೆ ಪೂರ್ವಪರಿಚಯ ಬೇಕಾಗಿಲ್ಲ. ಒಯ್ಯಬಹುದಾದ ಸ್ಥಾಪನೆಯ ಯಶಸ್ಸು ಬಹುಮಟ್ಟಿಗೆ ಈ ಒಂದು ಕಡತವನ್ನು ಅವಲಂಬಿಸಿದೆ.

4. ಆರಂಭಕದ ಸ್ಥಾನ: ಮುಖ್ಯ ಸಮಸ್ಯೆ

ಲಿನಕ್ಸ್ ವಿತರಣೆಗಳಲ್ಲಿ ಬಳಕೆಯಲ್ಲಿರುವ ಪ್ರಮುಖ ಆರಂಭಕ ತಂತ್ರಾಂಶ ಗ್ರಬ್. ಸ್ಥಾಪಕ ತಂತ್ರಾಂಶವು ವ್ಯವಸ್ಥೆಯ ಕಡತಗಳನ್ನು ಬಳಕೆದಾರರು ತೋರಿಸಿದ ಬಾಹ್ಯ ಡಿಸ್ಕಿಗೆ ನಕಲಿಸಿದರೂ, ಗ್ರಬ್ ಅನ್ನು ಒಳಗಿನ ಡಿಸ್ಕಿನಲ್ಲಿ ಇರಿಸುವ ಸಾಧ್ಯತೆ ಉಂಟು. ಬಯಾಸ್ ಯಂತ್ರಗಳಲ್ಲಿ ಮೊದಲ ಡಿಸ್ಕನ್ನೇ ಆರಂಭಕದ ಸಹಜ ಸ್ಥಾನವೆಂದು ಸ್ಥಾಪಕ ಸೂಚಿಸುವುದು ವಾಡಿಕೆ. ಯುಇಎಫ್ಐ ಯಂತ್ರಗಳಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ಉಬುಂಟು ವಿತರಣೆಯು ಹಲವು ವರ್ಷ ಬಳಸಿದ ಯುಬಿಕ್ವಿಟಿ ಎಂಬ ಸ್ಥಾಪಕದಲ್ಲಿ, ಬಳಕೆದಾರರು ಬಾಹ್ಯ ಡಿಸ್ಕನ್ನೇ ಆರಿಸಿದರೂ ಮೊದಲು ಕಂಡ ಇಎಫ್ಐ ವಿಭಾಗದಲ್ಲಿಯೇ ಆರಂಭಕವನ್ನು ಇರಿಸುವ ದೋಷವಿತ್ತು. ಮೊದಲು ಕಾಣುವುದು ಸಾಮಾನ್ಯವಾಗಿ ಒಳಗಿನ ಡಿಸ್ಕಿನ ವಿಭಾಗವಾದ್ದರಿಂದ, ಹಾಗೆ ಸಿದ್ಧವಾದ ಡಿಸ್ಕು ಆ ಯಂತ್ರದ ಹೊರಗೆ ನಿರುಪಯುಕ್ತವಾಗುತ್ತಿತ್ತು.

ಹೀಗಾದಾಗ ಎರಡು ವ್ಯವಸ್ಥೆಗಳು ಪರಸ್ಪರ ಸಿಕ್ಕಿಕೊಳ್ಳುತ್ತವೆ. ಗ್ರಬ್‌ನ ಮೊದಲ ಹಂತ ಒಳಗಿನ ಡಿಸ್ಕಿನಲ್ಲಿದ್ದು, ಅದಕ್ಕೆ ಬೇಕಾದ ಆಯ್ಕೆಪಟ್ಟಿ ಬಾಹ್ಯ ಡಿಸ್ಕಿನಲ್ಲಿರುತ್ತದೆ. ಬಾಹ್ಯ ಡಿಸ್ಕು ಜೋಡಿಸಿರುವಷ್ಟು ಕಾಲ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತೊಡಕು ಬೆಳಕಿಗೆ ಬರುವುದು ಅದನ್ನು ತೆಗೆದಾಗ. ಆಗ ಗ್ರಬ್ ತನ್ನ ಮುಂದಿನ ಹಂತವನ್ನು ಕಾಣದೆ ನಿಂತುಬಿಡುತ್ತದೆ; ಒಳಗಿನ ವಿಂಡೋಸ್ ಅಳಿದಿರದಿದ್ದರೂ ಅದನ್ನು ತಲುಪುವ ದಾರಿ ಮುಚ್ಚಿದಂತಾಗುತ್ತದೆ. ಯುಇಎಫ್ಐ ಯಂತ್ರದಲ್ಲಿ ಫರ್ಮ್‌ವೇರಿನ ಪಟ್ಟಿಯಿಂದ ವಿಂಡೋಸ್ ಆರಂಭಕವನ್ನು ಆರಿಸಿ ಹೊರಬರಬಹುದು. ಬಯಾಸ್ ಯಂತ್ರದಲ್ಲಿ ಮೊದಲ ಖಂಡವನ್ನು ಮತ್ತೆ ಬರೆಯಬೇಕಾಗುತ್ತದೆ. ಸಾರ್ವಜನಿಕ ಗ್ರಂಥಾಲಯದ ಎರವಲು ವಿಭಾಗದಲ್ಲಿರುವ ಯಂತ್ರಕ್ಕೆ ಈ ಗತಿ ಒದಗಿದರೆ ಅಂದಿನ ಸೇವೆ ಸ್ಥಗಿತಗೊಳ್ಳುವುದು ನಿಶ್ಚಿತ.

ಆದ್ದರಿಂದ ಯಶಸ್ವಿ ಸ್ಥಾಪನೆಯನ್ನು ಎರಡು ಪರೀಕ್ಷೆಗಳಿಂದ ನಿರ್ಧರಿಸಬೇಕಾಗುತ್ತದೆ. ಬಾಹ್ಯ ಡಿಸ್ಕನ್ನು ತೆಗೆದಾಗ ಆತಿಥೇಯ ಯಂತ್ರವು ಮೊದಲಿನಂತೆಯೇ ಎಚ್ಚರಗೊಳ್ಳಬೇಕು. ಅದೇ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿದಾಗ ವ್ಯವಸ್ಥೆಯು ಅಲ್ಲಿಯೂ ಎಚ್ಚರಗೊಳ್ಳಬೇಕು. ಸ್ಥಾಪಿಸಿದ ಯಂತ್ರದಲ್ಲಿಯೇ ವ್ಯವಸ್ಥೆ ನಡೆಯಿತೆಂಬುದು ಈ ದೃಷ್ಟಿಯಿಂದ ಏನನ್ನೂ ಸಿದ್ಧಪಡಿಸುವುದಿಲ್ಲ.

5. ಡೆಬಿಯನ್ ಸ್ಥಾಪನೆಯ ಹಂತಗಳು

1993ರಲ್ಲಿ ಇಯಾನ್ ಮರ್ಡಾಕ್ ಅವರು ಆರಂಭಿಸಿದ ಡೆಬಿಯನ್, ಸ್ವಯಂಸೇವಕರು ನಡೆಸುವ ಮುಕ್ತ ತಂತ್ರಾಂಶ ವಿತರಣೆ. ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶವು ಮುಖ್ಯವಾಗಿ ಇದರ ಮೇಲೆಯೇ ನಡೆಯುವುದರಿಂದ ಗ್ರಂಥಪಾಲಕರಿಗೂ ಇದು ಪ್ರಸ್ತುತ. ಅದರ ಸ್ಥಾಪಕವು ಆರಂಭಕದ ಸ್ಥಾನವನ್ನು ಕುರಿತು ಬಳಕೆದಾರರಿಗೆ ನೇರವಾದ ಆಯ್ಕೆಗಳನ್ನು ನೀಡುವುದು ಇಲ್ಲಿ ಅದನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣ.

ಸ್ಥಾಪನೆಗೆ ಎರಡು ಸಾಧನಗಳು ಬೇಕು: ಸ್ಥಾಪಕವನ್ನು ಬರೆದಿಟ್ಟ ಪೆನ್‌ಡ್ರೈವ್ ಮತ್ತು ಗುರಿಯಾದ ಹಾರ್ಡ್ ಡಿಸ್ಕ್. ಗುರಿಯ ಡಿಸ್ಕಿನಲ್ಲಿರುವ ಎಲ್ಲ ಕಡತಗಳೂ ಅಳಿಯುವುದರಿಂದ ಅವುಗಳ ಪ್ರತಿಯನ್ನು ಮುಂಚಿತವಾಗಿಯೇ ತೆಗೆದಿಡಬೇಕು. ಒಳಗಿನ ಡಿಸ್ಕಿನಲ್ಲಿ ಬಿಟ್‌ಲಾಕರ್ ಗೂಢಲಿಪೀಕರಣವಿದ್ದರೆ, ಫರ್ಮ್‌ವೇರಿನ ಆಯ್ಕೆಗಳನ್ನು ಬದಲಿಸುವ ಮೊದಲು ಅದರ ಪುನಃಪ್ರಾಪ್ತಿ ಕೀಲಿಯನ್ನು ಬರೆದಿಟ್ಟುಕೊಳ್ಳುವುದು ಅಗತ್ಯ. ಆಯ್ಕೆಗಳು ಬದಲಾದಾಗ ವಿಂಡೋಸ್ ಆ ಕೀಲಿಯನ್ನು ಕೇಳಬಹುದು.

ಅತ್ಯಂತ ಸುರಕ್ಷಿತ ಮಾರ್ಗವೆಂದರೆ ಸ್ಥಾಪನೆಯ ವೇಳೆಯಲ್ಲಿ ಒಳಗಿನ ಡಿಸ್ಕನ್ನು ಕಳಚಿಡುವುದು. ಮೇಜುಗಣಕದಲ್ಲಿ ಇದು ಒಂದೆರಡು ತಂತಿಗಳನ್ನು ಬಿಡಿಸುವ ಕೆಲಸ. ಕೆಲವು ಯಂತ್ರಗಳಲ್ಲಿ ಫರ್ಮ್‌ವೇರಿನ ಮೂಲಕವೇ ಅದನ್ನು ನಿಷ್ಕ್ರಿಯಗೊಳಿಸಬಹುದು. ಇಲ್ಲದ ಡಿಸ್ಕಿಗೆ ಆರಂಭಕವನ್ನು ಬರೆಯಲು ಯಾವ ಸ್ಥಾಪಕಕ್ಕೂ ಸಾಧ್ಯವಿಲ್ಲವಾದ್ದರಿಂದ ಮುಂದಿನ ಅನೇಕ ಎಚ್ಚರಗಳು ಆಗ ಅನಗತ್ಯವಾಗುತ್ತವೆ.

ಹಾಗೆ ಕಳಚಲಾಗದ ಯಂತ್ರಗಳಲ್ಲಿ ವಿಭಾಗೀಕರಣದ ಹಂತದಲ್ಲಿ ವಿಶೇಷ ಗಮನ ಬೇಕು. ಸ್ಥಾಪಕವು ಡಿಸ್ಕುಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂಬಂತಹ ಸಂಕೇತಗಳಿಂದ ಗುರುತಿಸುತ್ತದೆ. ಇವು ಡಿಸ್ಕುಗಳು ಪತ್ತೆಯಾದ ಅನುಕ್ರಮವನ್ನು ಅವಲಂಬಿಸಿದ್ದು ಶಾಶ್ವತವಾದವುಗಳಲ್ಲ. ಪೆನ್‌ಡ್ರೈವೇ ಮೊದಲ ಸ್ಥಾನ ಪಡೆಯುವುದೂ ಉಂಟು. ಆದ್ದರಿಂದ ಡಿಸ್ಕಿನ ಗಾತ್ರ ಮತ್ತು ತಯಾರಕರ ಹೆಸರನ್ನು ನೋಡಿಯೇ ಗುರಿಯನ್ನು ನಿರ್ಧರಿಸಬೇಕು. ಅನಂತರ ಬಾಹ್ಯ ಡಿಸ್ಕಿನಲ್ಲಿ ಜಿಪಿಟಿ ಮಾದರಿಯ ವಿಭಾಗಪಟ್ಟಿಯನ್ನು ರಚಿಸಿ, ಸುಮಾರು 512 ಮೆಗಾಬೈಟ್‌ಗಳ ಇಎಫ್ಐ ವಿಭಾಗ, ವ್ಯವಸ್ಥೆಗಾಗಿ ಒಂದು ಮೂಲ ವಿಭಾಗ, ಬಳಕೆದಾರರ ಕಡತಗಳಿಗಾಗಿ ಪ್ರತ್ಯೇಕ ವಿಭಾಗ ಹೀಗೆ ವಿಂಗಡಿಸಬಹುದು. ಹಳೆಯ ಬಯಾಸ್ ಯಂತ್ರಗಳಲ್ಲಿಯೂ ಡಿಸ್ಕು ನಡೆಯಬೇಕೆಂದಿದ್ದರೆ, ಗ್ರಬ್‌ಗಾಗಿ 1 ಮೆಗಾಬೈಟ್‌ನ ಬಯಾಸ್ ಬೂಟ್ ವಿಭಾಗವನ್ನೂ ಸೇರಿಸಿ, ಸ್ಥಾಪನೆಯ ಬಳಿಕ ಎರಡೂ ಬಗೆಯ ಗ್ರಬ್ ಅನ್ನು ಅದೇ ಡಿಸ್ಕಿನಲ್ಲಿ ಇರಿಸಬೇಕಾಗುತ್ತದೆ. ಒಳಗಿನ ಡಿಸ್ಕಿನ ಇಎಫ್ಐ ವಿಭಾಗವನ್ನು ಸ್ಥಾಪಕ ತಾನಾಗಿಯೇ ಬಳಕೆಗೆ ಗುರುತಿಸಿಕೊಂಡಿರಬಹುದು. ಅದನ್ನು ಬಳಸಬಾರದೆಂದು ಸ್ಪಷ್ಟವಾಗಿ ಬದಲಿಸುವುದು ಈ ಹಂತದ ಅತಿ ಮುಖ್ಯ ಕ್ರಿಯೆ.

ಪರಿಣತರಿಗೆಂದು ಇರುವ ಸ್ಥಾಪನಾ ವಿಧಾನವನ್ನು ಆರಿಸಿಕೊಂಡರೆ ಇನ್ನೂ ಎರಡು ಪ್ರಶ್ನೆಗಳು ಎದುರಾಗುತ್ತವೆ. ಆರಂಭಿಕ ಸ್ಮೃತಿಚಿತ್ರದಲ್ಲಿ ಲಭ್ಯವಿರುವ ಎಲ್ಲ ಚಾಲಕಗಳನ್ನು ಸೇರಿಸಬೇಕೆ, ಈ ಯಂತ್ರಕ್ಕೆ ಬೇಕಾದವನ್ನು ಮಾತ್ರವೆ ಎಂಬುದು ಮೊದಲನೆಯದು. ಕರ್ನೆಲ್ ತನ್ನ ಮೂಲ ವಿಭಾಗವನ್ನು ತಲುಪುವ ಮುನ್ನ ಬಳಸುವ ಚಿಕ್ಕ ಕಡತಸಮೂಹವೇ ಈ ಸ್ಮೃತಿಚಿತ್ರ. ಒಯ್ಯಬಹುದಾದ ಡಿಸ್ಕಿಗೆ ಎಲ್ಲ ಚಾಲಕಗಳೂ ಇರಲೇಬೇಕು. ಇಲ್ಲವಾದರೆ ಬೇರೆ ನಿಯಂತ್ರಕವುಳ್ಳ ಯಂತ್ರದಲ್ಲಿ ಕರ್ನೆಲ್ ಎಚ್ಚರಗೊಂಡೂ ತನ್ನ ಡಿಸ್ಕನ್ನೇ ಕಾಣದೆ ಹೋಗಬಹುದು. ಎರಡನೆಯದು, ಗ್ರಬ್ ಅನ್ನು ಮೇಲೆ ಹೇಳಿದ ಸಾಮಾನ್ಯ ವಿಳಾಸದಲ್ಲಿಯೂ ಇರಿಸಬೇಕೆ ಎಂಬ ಪ್ರಶ್ನೆ. ಇದಕ್ಕೆ ಹೌದೆಂದು ಉತ್ತರಿಸಬೇಕು. ಬಯಾಸ್ ಯಂತ್ರದಲ್ಲಿ ಆರಂಭಕಕ್ಕಾಗಿ ಡಿಸ್ಕನ್ನು ಕೇಳಿದಾಗ ಬಾಹ್ಯ ಡಿಸ್ಕನ್ನೇ ಹೆಸರಿಸಬೇಕು.

ಸ್ಥಾಪನೆ ಮುಗಿದ ಮೇಲೆ, ಯಾವ ವಿಭಾಗ ಎಲ್ಲಿ ಜೋಡಣೆಗೊಳ್ಳುತ್ತದೆಂಬುದನ್ನು ದಾಖಲಿಸುವ ಎಫ್‌ಎಸ್‌ಟ್ಯಾಬ್ ಕಡತವನ್ನು ಪರಿಶೀಲಿಸಬೇಕು. ವಿಭಾಗಗಳು ಎಸ್‌ಡಿಎ ಮೊದಲಾದ ಅಸ್ಥಿರ ಹೆಸರುಗಳಿಂದಲ್ಲದೆ ಯುಯುಐಡಿ ಎಂಬ ಅನನ್ಯ ಗುರುತುಸಂಖ್ಯೆಯಿಂದ ನಮೂದಾಗಿರಬೇಕು. ಡೆಬಿಯನ್ ಸ್ಥಾಪಕ ಸಾಮಾನ್ಯವಾಗಿ ಹಾಗೆಯೇ ಮಾಡುತ್ತದೆ. ಇಎಫ್ಐ ವಿಭಾಗದ ಗುರುತುಸಂಖ್ಯೆಯು ಬಾಹ್ಯ ಡಿಸ್ಕಿನದೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಅದು ಒಳಗಿನ ಡಿಸ್ಕಿನದಾಗಿದ್ದರೆ ಮುಂದಿನ ಪ್ರತಿ ಪರಿಷ್ಕರಣೆಯಲ್ಲೂ ಆರಂಭಕವು ತಪ್ಪು ಸ್ಥಳಕ್ಕೆ ಹೋಗುತ್ತದೆ.

6. ಇತರ ವ್ಯವಸ್ಥೆಗಳ ಸ್ಥಿತಿ

ವಿಂಡೋಸ್ ಈ ಬಗೆಯ ಬಳಕೆಗೆ ಒಲಿದದ್ದು ಕಡಿಮೆ. ವಿಂಡೋಸ್ ಎಕ್ಸ್‌ಪಿಯು ತನ್ನ ಯುಎಸ್‌ಬಿ ಚಾಲಕಗಳನ್ನು ತಡವಾಗಿ ಆರಂಭಿಸುತ್ತಿದ್ದುದರಿಂದ, ತಾನೇ ನಿಂತಿದ್ದ ಡಿಸ್ಕಿನ ಸಂಪರ್ಕವನ್ನು ಎಚ್ಚರಗೊಳ್ಳುವ ನಡುವೆಯೇ ಕಳೆದುಕೊಳ್ಳುತ್ತಿತ್ತು. ಅನಂತರದ ಆವೃತ್ತಿಗಳ ಸ್ಥಾಪಕಗಳೂ ಯುಎಸ್‌ಬಿ ಡಿಸ್ಕನ್ನು ಗುರಿಯಾಗಿ ಒಪ್ಪುವುದಿಲ್ಲ. 2012ರಲ್ಲಿ ವಿಂಡೋಸ್ 8ರ ಉದ್ಯಮ ಆವೃತ್ತಿಯೊಂದಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಟು ಗೋ ಎಂಬ ಸೌಲಭ್ಯವನ್ನು ನೀಡಿತು. ಆತಿಥೇಯ ಯಂತ್ರದ ಒಳಗಿನ ಡಿಸ್ಕುಗಳನ್ನು ತೋರಿಸದಿರುವುದು, ಡಿಸ್ಕು ಆಕಸ್ಮಿಕವಾಗಿ ಕಳಚಿದರೆ ಮತ್ತೆ ಜೋಡಿಸಲು 60 ಸೆಕೆಂಡುಗಳ ಅವಕಾಶ ನೀಡುವುದು ಮುಂತಾದ ವಿವೇಕಯುತ ಏರ್ಪಾಡುಗಳು ಅದರಲ್ಲಿದ್ದವು. ಆದರೆ 2020ರ ವಿಂಡೋಸ್ 10ರ ಆವೃತ್ತಿಯಿಂದ ಅದನ್ನು ಕೈಬಿಡಲಾಯಿತು. ಆಪಲ್ ಸಂಸ್ಥೆಯ ಯಂತ್ರಗಳಲ್ಲಿ ಬಾಹ್ಯ ಡಿಸ್ಕಿನಿಂದ ನಡೆಯುವುದು ಹಳೆಯ ರೂಢಿಯೇ ಆದರೂ, ಟಿ2 ಭದ್ರತಾ ಚಿಪ್ಪು ಇರುವ ಯಂತ್ರಗಳಲ್ಲಿ ಅದಕ್ಕೆ ಮೊದಲು ಅನುಮತಿ ನೀಡಬೇಕಾಗುತ್ತದೆ.

7. ಬಳಕೆಯಲ್ಲಿ ಎದುರಾಗುವ ಅಂಶಗಳು

ವಿದ್ಯುತ್ತಿನ ಕೊರತೆ ಅನೇಕ ವೇಳೆ ತಂತ್ರಾಂಶದ ದೋಷದಂತೆ ತೋರುತ್ತದೆ. ಯುಎಸ್‌ಬಿ 2.0 ಕಿಂಡಿಯು 500 ಮಿಲಿಆಂಪಿಯರ್, 3.0 ಕಿಂಡಿಯು 900 ಮಿಲಿಆಂಪಿಯರ್ ವಿದ್ಯುತ್ತನ್ನು ಒದಗಿಸಬೇಕೆಂಬ ನಿಯಮವಿದೆ. ತಿರುಗುವ ಹಾರ್ಡ್ ಡಿಸ್ಕು ಚಲನೆ ಆರಂಭಿಸುವ ಕ್ಷಣದಲ್ಲಿ ಹೆಚ್ಚು ವಿದ್ಯುತ್ತನ್ನು ಬೇಡುವುದರಿಂದ ಹಳೆಯ ಕಿಂಡಿಗಳಲ್ಲಿ ಅದು ನಡುವೆಯೇ ಸಂಪರ್ಕ ಕಡಿದುಕೊಳ್ಳಬಹುದು. ದತ್ತಾಂಶ ಡಿಸ್ಕಿಗೆ ಇದು ಕಿರಿಕಿರಿ ಮಾತ್ರ. ಕಾರ್ಯಾಚರಣ ವ್ಯವಸ್ಥೆಯೇ ಇರುವ ಡಿಸ್ಕಿಗೆ ಇದು ಮಾರಕ. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿ ಈ ದೃಷ್ಟಿಯಿಂದಲೂ ಪ್ರಯಾಣದ ಪೆಟ್ಟುಗಳ ದೃಷ್ಟಿಯಿಂದಲೂ ಮೇಲು.

ಯಂತ್ರದ ಗಡಿಯಾರ ಇನ್ನೊಂದು ಅಂಶ. ವಿಂಡೋಸ್ ಯಂತ್ರದ ಗಡಿಯಾರದಲ್ಲಿ ಸ್ಥಳೀಯ ಕಾಲವನ್ನು ಇರಿಸುತ್ತದೆ. ಲಿನಕ್ಸ್ ಅದನ್ನು ಸಾರ್ವತ್ರಿಕ ಕಾಲವೆಂದು ಸಾಮಾನ್ಯವಾಗಿ ಭಾವಿಸುತ್ತದೆ. ಆದ್ದರಿಂದ ಭಾರತದಲ್ಲಿ ಒಂದೇ ಯಂತ್ರದಲ್ಲಿ ಎರಡೂ ನಡೆದಾಗ 5 ಗಂಟೆ 30 ನಿಮಿಷಗಳ ಅಂತರ ಉಂಟಾಗುತ್ತದೆ. ಕ್ಷೇತ್ರಕಾರ್ಯದ ಕಡತಗಳಲ್ಲಿ ಕಾಲವೂ ಒಂದು ದಾಖಲೆಯಾದ್ದರಿಂದ ಸಂಶೋಧಕರು ಇದನ್ನು ಉಪೇಕ್ಷಿಸುವಂತಿಲ್ಲ. ಪರಯಂತ್ರಗಳಲ್ಲಿ ನಡೆಸುವ ಡಿಸ್ಕಿನಲ್ಲಿ, ಗಡಿಯಾರವನ್ನು ಸ್ಥಳೀಯ ಕಾಲವಾಗಿ ಓದುವಂತೆ ಹೊಂದಿಸುವುದು ಒಳ್ಳೆಯದು.

ಒಳಗಿನ ವಿಂಡೋಸ್ ವಿಭಾಗಗಳಿಗೆ ಬಾಹ್ಯ ವ್ಯವಸ್ಥೆಯಿಂದ ಬರೆಯುವುದು ಉಚಿತವಲ್ಲ. ವಿಂಡೋಸ್ 8ರಿಂದ ಬಂದ ಶೀಘ್ರ ಆರಂಭದ ಏರ್ಪಾಡಿನಲ್ಲಿ ಯಂತ್ರ ಆರಿದಂತೆ ಕಂಡರೂ ವ್ಯವಸ್ಥೆಯ ಒಂದು ಭಾಗ ನಿದ್ರಾಸ್ಥಿತಿಯಲ್ಲಿರುತ್ತದೆ. ಆಗ ಬರೆದರೆ ಕಡತಗಳು ಕೆಡಬಹುದು. ಹಾಗೆಯೇ ಬಾಹ್ಯ ವ್ಯವಸ್ಥೆಯನ್ನು ನಿದ್ರಾಸ್ಥಿತಿಯಲ್ಲಿಟ್ಟು ಬೇರೆ ಯಂತ್ರಕ್ಕೆ ಒಯ್ಯಬಾರದು. 32 ಬಿಟ್ ಸಂಸ್ಕಾರಕವುಳ್ಳ ಹಳೆಯ ಯಂತ್ರಗಳನ್ನು ಇನ್ನೂ ಉಳಿಸಿಕೊಂಡಿರುವ ಸಂಸ್ಥೆಗಳು, 2025ರ ಡೆಬಿಯನ್ 13ರಿಂದ ಅವುಗಳಿಗೆ ಸ್ಥಾಪಕ ಲಭ್ಯವಿಲ್ಲವೆಂಬುದನ್ನು ಗಮನಿಸಬೇಕು.

8. ಕನ್ನಡ ಸಂಶೋಧನೆ ಮತ್ತು ಗ್ರಂಥಾಲಯಗಳ ದೃಷ್ಟಿಯಿಂದ

ಯೂನಿಕೋಡ್ ಸಂಕೇತ ರೂಢಿಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧವಾದ ಅಪಾರ ಕನ್ನಡ ಸಾಹಿತ್ಯವು ಫಾಂಟ್ ಆಧಾರಿತ ಸಂಕೇತಗಳಲ್ಲಿದೆ. ಅಂತಹ ಕಡತದಲ್ಲಿ ವಾಸ್ತವವಾಗಿ ಇರುವುದು ರೋಮನ್ ಅಕ್ಷರಗಳ ಹಾಗೂ ಚಿಹ್ನೆಗಳ ಸಂಕೇತಗಳು. ಸೂಕ್ತ ಫಾಂಟ್ ಇದ್ದಾಗ ಮಾತ್ರ ಅವು ಕನ್ನಡವಾಗಿ ತೋರುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಪ್ರಬಂಧ ಅರ್ಥರಹಿತ ಚಿಹ್ನೆಗಳ ಸಾಲಾಗುತ್ತದೆ. ಬೇಕಾದ ಫಾಂಟ್‌ಗಳು, ಪರಿವರ್ತಕಗಳು, ಕಗಪ ಕೀಲಿಮಣೆ ವಿನ್ಯಾಸ, ಯೂನಿಕೋಡ್ ಫಾಂಟ್‌ಗಳು ಒಂದೇ ಡಿಸ್ಕಿನಲ್ಲಿ ನೆಲೆಸಿದ್ದರೆ, ಓದುವ ಪರಿಸರವೂ ಪಠ್ಯದ ಜೊತೆಯಲ್ಲಿಯೇ ಸಾಗುತ್ತದೆ. ಬಾಹ್ಯ ಸ್ಥಾಪನೆಯ ನಿಜವಾದ ಪ್ರಯೋಜನ ಇಲ್ಲಿದೆ. ಗ್ರಂಥಾಲಯವು ಕೋಹಾದಂತಹ ತಂತ್ರಾಂಶವನ್ನು ತನ್ನ ಚಾಲ್ತಿಯ ಯಂತ್ರಕ್ಕೆ ಕೈಹಚ್ಚದೆ ಪರೀಕ್ಷಿಸಿ ನೋಡುವುದಕ್ಕೂ ಇದೇ ಮಾರ್ಗ ಅನುಕೂಲಕರ.

ಇದರ ಮರುಬದಿಯೂ ಉಂಟು. ಬಾಹ್ಯ ಡಿಸ್ಕಿನಿಂದ ನಡೆಯುವ ವ್ಯವಸ್ಥೆಗೆ ಆತಿಥೇಯ ಯಂತ್ರದ ಪ್ರವೇಶಪದಗಳು ಅಡ್ಡಿಯಾಗುವುದಿಲ್ಲ. ಗೂಢಲಿಪೀಕರಣವಿಲ್ಲದ ಒಳಗಿನ ಡಿಸ್ಕಿನ ಕಡತಗಳೆಲ್ಲ ಅದಕ್ಕೆ ತೆರೆದಿರುತ್ತವೆ. ಸದಸ್ಯರ ವಿವರಗಳನ್ನು ಹೊಂದಿರುವ ಗ್ರಂಥಾಲಯದ ಯಂತ್ರಗಳಲ್ಲಿ ಫರ್ಮ್‌ವೇರಿಗೆ ಪ್ರವೇಶಪದವಿಟ್ಟು, ಬಾಹ್ಯ ಡಿಸ್ಕಿನಿಂದ ಎಚ್ಚರಗೊಳ್ಳುವುದನ್ನು ತಡೆಯುವುದು ಕರ್ತವ್ಯವೇ ಸರಿ. ಸಂಶೋಧಕರ ಡಿಸ್ಕೂ ಕಳೆದುಹೋಗುವ ವಸ್ತು. ಸ್ಥಾಪನೆಯ ವೇಳೆಯಲ್ಲಿಯೇ ಲಕ್ಸ್ ಗೂಢಲಿಪೀಕರಣವನ್ನು ಆರಿಸಿಕೊಂಡರೆ ಡಿಸ್ಕು ಪರರ ಕೈಸೇರಿದರೂ ಅದರೊಳಗಿನ ವಿಷಯ ಸೇರುವುದಿಲ್ಲ. ಇದಕ್ಕಿಂತ ಮಿಗಿಲಾದ ಅಪಾಯವೆಂದರೆ, ಒಯ್ಯುವ ಡಿಸ್ಕನ್ನೇ ಸಂರಕ್ಷಣಾ ಪ್ರತಿಯೆಂದು ಭಾವಿಸುವುದು. ಪ್ರತಿದಿನ ಬಳಕೆಯಾಗುವ ಏಕೈಕ ಡಿಸ್ಕು ಸಂರಕ್ಷಣೆಯ ವಿರುದ್ಧ ಧ್ರುವದಲ್ಲಿದೆ. ಇಡೀ ಡಿಸ್ಕಿನ ಯಥಾಪ್ರತಿಯನ್ನು ನಿಯತವಾಗಿ ಇನ್ನೊಂದು ಡಿಸ್ಕಿಗೆ ತೆಗೆದಿಟ್ಟಾಗ ಮಾತ್ರ ಪಠ್ಯ ಮತ್ತು ಪರಿಸರಗಳೆರಡೂ ಉಳಿದಂತಾಗುತ್ತದೆ.

9. ಸಮಾರೋಪ

ಬಾಹ್ಯ ಯುಎಸ್‌ಬಿ ಹಾರ್ಡ್ ಡಿಸ್ಕಿನಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸುವುದು ಕಡತಗಳನ್ನು ನಕಲಿಸುವ ಯಾಂತ್ರಿಕ ಕ್ರಿಯೆಯಷ್ಟೇ ಅಲ್ಲ; ಎರಡು ವ್ಯವಸ್ಥೆಗಳ ನಡುವೆ ಸ್ಪಷ್ಟವಾದ ಗಡಿಯನ್ನು ಎಳೆಯುವ ಕ್ರಿಯೆ. ಆರಂಭಕ, ಚಾಲಕಗಳು ಮತ್ತು ವಿಭಾಗಗಳ ಗುರುತುಗಳು ಬಾಹ್ಯ ಡಿಸ್ಕಿನಲ್ಲಿಯೇ ಪೂರ್ಣವಾಗಿದ್ದರೆ ಅತಿಥಿಯೂ ಆತಿಥೇಯನೂ ಪರಸ್ಪರ ಬಾಧೆಯಿಲ್ಲದೆ ಇರಬಲ್ಲರು. ಡಿಸ್ಕನ್ನು ತೆಗೆದು ಹಳೆಯ ಯಂತ್ರವನ್ನು ನಡೆಸಿ ನೋಡುವುದು, ಡಿಸ್ಕನ್ನು ಒಯ್ದು ಹೊಸ ಯಂತ್ರದಲ್ಲಿ ನಡೆಸಿ ನೋಡುವುದು, ಈ ಎರಡು ಪರೀಕ್ಷೆಗಳಲ್ಲಿ ಉತ್ತೀರ್ಣವಾಗದ ಸ್ಥಾಪನೆಯನ್ನು ಅಪೂರ್ಣವೆಂದೇ ಪರಿಗಣಿಸಬೇಕಾಗುತ್ತದೆ. ಹಾಗೆ ಉತ್ತೀರ್ಣವಾದ ಡಿಸ್ಕು, ಯಂತ್ರಗಳು ಹಳತಾಗಿ ಬದಲಾದರೂ ಸಂಶೋಧಕರ ಕೆಲಸದ ಮೇಜನ್ನು ಬದಲಾಗದಂತೆ ಕಾಯ್ದುಕೊಡುತ್ತದೆ.